ಕೋವಿಗೊಂದು ಚಕ್ಕುಬಂದಿ

ನವೆಂಬರ್ 4, ಮಂಗಳವಾರ. ಸಂಜೆ 5.30

ಇವತ್ತು ಎರಡು ಕ್ರಯಪತ್ರ, ಒಂದು ವಿಭಾಗಪತ್ರ. ಎಲ್ಲ ಕಂಪ್ಯೂಟರಿನಲ್ಲೇ. ಮೂರಕ್ಕೆ ಗುಬ್ಬಿ ಬಿಟ್ಟು ನಿಟ್ಟೂರಿಗೆ ಬಂದೆ. ಈಗ ಜಗುಲಿ ಮೇಲೆ ಕೂತು ಹತ್ತು ಸಾಲು. ಡಾಕ್ಟರ್ ಆರ್ಡರ್ — ದಿನಾ ಕೈಯಲ್ಲಿ ಬರೆಯಿರಿ, ಬಿಡಬೇಡಿ. ಇಪ್ಪತ್ತೇಳು ವರ್ಷ ಊರವರ ಪತ್ರ ಬರೆದವನಿಗೆ ಈ ವಯಸ್ಸಿನಲ್ಲಿ ಕಾಪಿ ಬರೆಯುವ ಶಿಕ್ಷೆ.

ಏನು ಬರೀತಿದೀರಾ ಅಂದಳು ಮಂಗಳ. ಆಫೀಸಿನ ನೋಟ್ಸ್ ಅಂದೆ. ಬಲಗೈ ನಡುಗುವ ವಿಷಯ ಹೆಂಡತಿಗೆ ಹೇಳಿಲ್ಲ. ತುಮಕೂರಿನ ನರದ ಡಾಕ್ಟರ ಹತ್ತಿರ ಹೋಗಿದ್ದನ್ನೂ ಹೇಳಿಲ್ಲ. ಮಾತ್ರೆ ಇದೆ. ವಾಸಿಯಾಗುವುದಲ್ಲವಂತೆ, ತಡೆಯುವುದಂತೆ.

ಚಿರತೆ ನಮ್ಮ ನಾಯಿ ರಾಜನನ್ನು ಹೊತ್ತುಕೊಂಡು ಹೋಗಿ ಐದು ದಿನ. ಕೊಟ್ಟಿಗೆ ಮುಂದೆ ಸರಪಳಿ ಹಾಗೇ ಬಿದ್ದಿದೆ, ತೆಗೆಯಲು ಮನಸ್ಸು ಬಂದಿಲ್ಲ. ಬೆಳಗ್ಗೆ ಐದಕ್ಕೆ ಮಂಗಳ ಹಾಲು ಕರೆಯಲು ಒಬ್ಬಳೇ ಅಲ್ಲಿಗೆ ಹೋಗುತ್ತಾಳೆ. ನಾನು ಟಾರ್ಚ್ ಹಿಡಿದರೆ ಬೆಳಕು ಗೋಡೆ ತುಂಬ ಕುಣಿಯುತ್ತದೆ. ಅದಕ್ಕೇ ಬಾಗಿಲಲ್ಲೇ ನಿಂತು ಕೆಮ್ಮುತ್ತಿರುತ್ತೇನೆ.

ಒಂದು ಕೋವಿ ಬೇಕು. ತೀರ್ಮಾನ ಮಾಡಿದೆ.

ನವೆಂಬರ್ 5

ಬೀರಯ್ಯನನ್ನು ಕೇಳಿದೆ. ಪಕ್ಕದ ಹೊಲದವನು, ಕುರಿ ಸಾಕುತ್ತಾನೆ. ಒಂದು ಕಾಲಕ್ಕೆ ನಮ್ಮಪ್ಪನ ಜೊತೆ ಮೊಲದ ಬೇಟೆಗೆ ಹೋಗುತ್ತಿದ್ದವನು.

"ತಗಳಂಗಿದ್ರೆ ರೈಫಲ್ಲೇ ತಗಳಪ್ಪ. ದೂರದಿಂದ್ಲೇ ಒಂದೇಟು. ಚಿರತೇಗೂ ಆಯ್ತು, ಹಂದೀಗೂ ಆಯ್ತು. ನಿಮ್ಮಪ್ಪ ಅಡವಿಯಪ್ಪನ ಕೈ ಹೆಂಗಿತ್ತು ಗೊತ್ತಾ? ಮರ ಇದ್ದಂಗೆ."

ನನ್ನ ಕೈ ಪಂಚೆಯ ಮಡಿಕೆಯಲ್ಲಿತ್ತು. ಅಲ್ಲೇ ಇಟ್ಟುಕೊಂಡೆ.

ನವೆಂಬರ್ 10, ಸೋಮವಾರ

ಅರ್ಜಿ ವಾಪಸ್.

ತುಮಕೂರು ಡಿ.ಸಿ. ಆಫೀಸಿಗೆ ಹೋಗಿದ್ದೆ. ಕಾರಣ ಅನ್ನುವ ಕಾಲಂನಲ್ಲಿ ಚೆಂದವಾಗಿ ಬರೆದಿದ್ದೆ — "ಗೃಹರಕ್ಷಣೆ ಹಾಗೂ ವಂಶಪಾರಂಪರ್ಯವಾಗಿ ಅನುಭವಿಸಿಕೊಂಡು ಬಂದ ಬೇಟೆ". ಕ್ರಯಪತ್ರದ ಚಟ. ಏನೇ ಬರೆದರೂ ಅನುಭವಿಸಿಕೊಂಡು ಬಂದದ್ದು ಅಂತ ಬರಬೇಕು ನನಗೆ.

ಕೌಂಟರಿನ ಹುಡುಗಿ ಓದಿ ಮೇಲೆ ನೋಡಿದಳು. "ಬೇಟೆ ಆಡ್ತೀನಿ ಅಂತ ನೀವೇ ಬರ್ಕೊಟ್ರೆ ಲೈಸೆನ್ಸ್ ಕೊಡೋದಾ ಸಾರ್, ಅರೆಸ್ಟ್ ಮಾಡೋದಾ? ಹಂದಿ ಹೊಡೆಯೋಕೂ ಫಾರೆಸ್ಟ್‌ನೋರ ಪರ್ಮಿಷನ್ ಬೇಕು. ಯಾರು ಬರ್ಕೊಟ್ಟಿದ್ದು ಇದನ್ನ?"

ಯಾರೋ ಗುಬ್ಬಿಯ ಪತ್ರಬರಹಗಾರ ಅಂದೆ. ಅಂಥವರ ಹತ್ರ ಹೋಗ್ಬೇಡಿ ಅಂದಳು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಂತಾಯಿತು. ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಮತ್ತೆ ಬರೆಯಬೇಕು — ಪ್ರಾಣರಕ್ಷಣೆ, ಬೆಳೆರಕ್ಷಣೆ ಅಂತ. ಯಾವ ಆಯುಧ ಅಂತಲೂ ಮೊದಲೇ ತಿಳಿಸಬೇಕಂತೆ. ಜೊತೆಗೆ ಮೆಡಿಕಲ್ ಸರ್ಟಿಫಿಕೇಟ್.

ನವೆಂಬರ್ 19. ಬಂದೂಕಿನ ಅಂಗಡಿ, ತುಮಕೂರು

ಅಂಗಡಿಯವರಿಗೆ ಎಪ್ಪತ್ತರ ಹತ್ತಿರ. ಮಾತು ಕಡಿಮೆ. ಮೂರು ತೆಗೆದು ಗಾಜಿನ ಮೇಜಿನ ಮೇಲಿಟ್ಟರು. ಒಂದು ಪಾಯಿಂಟ್ ಟೂಟೂ, ಸಣ್ಣ ಗುಂಡಿನದು, ಹಗುರ. ಒಂದು ತ್ರೀ ಫಿಫ್ಟೀನ್ ರೈಫಲ್. ಒಂದು ಡಬಲ್ ಬ್ಯಾರಲ್ ಕೋವಿ.

ರೈಫಲ್ ಮೇಲೇ ಕಣ್ಣು. ಎತ್ತಿ ಭುಜಕ್ಕೆ ಕೊಟ್ಟೆ. ಕೈಯಲ್ಲಿ ನೂಲಿನಷ್ಟು ನಡುಕ ಇದ್ದರೆ ನಳಿಗೆಯ ತುದಿಯಲ್ಲಿ ಗೇಣಷ್ಟು. ಎದುರಿನ ಕ್ಯಾಲೆಂಡರಿನ ಮೇಲೆ ಗುರಿ ಇಟ್ಟಿದ್ದೆ, ನಳಿಗೆ ಒಂದು ತಾರೀಖಿನ ಮೇಲೂ ನಿಲ್ಲದೆ ತಿಂಗಳಿಡೀ ಓಡಾಡಿತು. ಅವರು ನೋಡಿದರು. ನೋಡಿಯೂ ನೋಡದವರಂತೆ ಕನ್ನಡಕ ಒರೆಸಿಕೊಂಡರು.

"ನಿಮ್ ತೋಟದ ಆಚೆ ಏನೈತೆ ಸಾರ್?" ಅಂದರು. "ರೈಫಲ್ ಗುಂಡು ಗುರಿ ತಪ್ಪಿದ್ರೆ ಅಲ್ಲೇ ನಿಲ್ಲಲ್ಲ. ಮೈಲಿಗಟ್ಲೆ ಹೋಗ್ತದೆ."

ಬಾಯಿಪಾಠ ಬಂದ ಹಾಗೆ ಹೇಳಿದೆ. ಪೂರ್ವಕ್ಕೆ ಪುಟ್ಟರಂಗಯ್ಯನವರ ಜಮೀನು ಮತ್ತು ಮನೆ. ಪಶ್ಚಿಮಕ್ಕೆ ರೈಲ್ವೆ ಲೈನು. ಉತ್ತರಕ್ಕೆ ಶಾಲೆ ಕಾಂಪೌಂಡು. ದಕ್ಷಿಣಕ್ಕೆ ಬೀರಯ್ಯನ ಕುರಿಹಟ್ಟಿ.

ಸಾವಿರಾರು ಚಕ್ಕುಬಂದಿ ಬರೆದಿದ್ದೇನೆ. ನಾಲ್ಕು ದಿಕ್ಕಿಗೂ ಏನಿದೆ ಅಂತ ಬರೆಯುವುದೇ ಕಸುಬು. ಆದರೆ ನಾಲ್ಕು ದಿಕ್ಕಿಗೂ ಜನ ಇದ್ದಾರೆ ಅಂತ ಇವತ್ತೇ ಹೊಳೆದದ್ದು. ರೈಫಲ್ಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ.

"ಡಬಲ್ ಬ್ಯಾರಲ್ ತಗಳಿ" ಅಂದರು. "ಚರೆ ಹೋಗ್ತದೆ, ಕಾಳು ಎರಚಿದಂಗೆ. ಒಂದೈವತ್ತು ಗಜ ಹೋಗೋದ್ರೊಳಗೆ ಅದ್ರ ಜೋರು ಮುಗೀತದೆ. ಗುರೀನೂ ಅಷ್ಟೊಂದು ಬೇಕಾಗಲ್ಲ."

ಕೊನೆಯ ಮಾತನ್ನು ಮೆಲ್ಲಗೆ ಹೇಳಿದರು. ಒಳ್ಳೆಯ ಮನುಷ್ಯ. ಆದರೂ ಚುಚ್ಚಿತು.

ನವೆಂಬರ್ 26

ಸರ್ಟಿಫಿಕೇಟ್ ಸಿಕ್ಕಿತು. ಯಾವ ಡಾಕ್ಟರು ಮುಖ ನೋಡದೆ ಸಹಿ ಹಾಕುತ್ತಾರೆ ಅಂತ ನನ್ನ ಕಸುಬಿನವರಿಗೆ ಗೊತ್ತಿರುತ್ತದೆ. ಅಂಗಾಂಗ ದೃಢ, ನಡುಕ ಇಲ್ಲ ಅಂತ ಬರೆದಿದೆ.

ಬ್ಯಾಗಿನಲ್ಲಿಟ್ಟಿದ್ದೇನೆ. ಬ್ಯಾಗನ್ನು ಮಂಚದ ಕೆಳಗೆ ಇಟ್ಟಿದ್ದೇನೆ. ಕಳ್ಳತನ ಮಾಡಿದಂತೆ ಆಗುತ್ತಿದೆ. ಮಾಡಿದ್ದೇನಲ್ಲ, ಮತ್ತೇನು.

ಇವತ್ತಿನ ಅಕ್ಷರ ಬಹಳ ಚಿಕ್ಕದಾಗಿದೆ, ಡಾಕ್ಟರು ಮೊದಲೇ ಹೇಳಿದ್ದ ಹಾಗೆ.

ಡಿಸೆಂಬರ್ 14, ಭಾನುವಾರ

ಹದಿನೆಂಟು ದಿನ ಬರೆದಿಲ್ಲ. ಬರೆಯಲಾಗಲಿಲ್ಲ ಅನ್ನುವುದು ಸರಿ.

ಇವತ್ತು ಕುಣಿಗಲ್ ಕಡೆ, ಮಾರ್ಕೋನಹಳ್ಳಿಗೆ. ಮಂಗಳನ ಅಣ್ಣ ವೀರಭದ್ರಯ್ಯ ಡ್ಯಾಮಿನ ನೀರಲ್ಲಿ ಭತ್ತ ಬೆಳೆಯುತ್ತಾರೆ. ಮನೆಯಲ್ಲಿ ಮಾವನವರ ಕಾಲದ ಡಬಲ್ ಬ್ಯಾರಲ್ ಇದೆ. ನೋಡಿಕೊಂಡು ಬರೋಣ ಅಂತ ಮಂಗಳನೇ ಹೊರಡಿಸಿದ್ದು.

ಬಿಚ್ಚಿ, ಖಾಲಿ ಇದೆ ಅಂತ ತೋರಿಸಿ, ಕೈಗೆ ಕೊಟ್ಟರು. "ಹಿಡ್ಕಳಿ ಭಾವ, ಹಿಂಗೆ ಕೆನ್ನೆಗೆ." ಹಿಡಿದೆ. ಅಂಗಳದಲ್ಲಿ ಎಲ್ಲರೂ ನೋಡುತ್ತಿದ್ದರು. ನಳಿಗೆ ಗಡಗಡ ಅಂದಿತು. ಭಾರ ಇದೆ ಅಂದೆ. ವೀರಭದ್ರಯ್ಯನವರ ಮುಖದ ನಗು ನಿಂತಿತು.

ಮಂಗಳ ಸೆರಗು ಸಿಕ್ಕಿಸಿ ಬಂದು ನನ್ನ ಕೈಯಿಂದ ತೆಗೆದುಕೊಂಡಳು. ಮಗುವನ್ನು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಳ್ಳುವ ಹಾಗೆ. ಭುಜಕ್ಕೆ ಕೊಟ್ಟು ತೆಂಗಿನ ಗೊನೆಗೆ ಗುರಿ ಇಟ್ಟಳು. ಅಲುಗಾಡಲಿಲ್ಲ. ಮದುವೆಗೆ ಮುಂಚೆ ಪ್ರತಿ ಆಯುಧಪೂಜೆಗೆ ಈ ಕೋವಿಗೆ ಎಣ್ಣೆ ಹಾಕಿ ಒರೆಸುತ್ತಿದ್ದವಳು ಅವಳೇ ಅಂತೆ. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ, ಗೊತ್ತಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ನೋಡುತ್ತಲೇ ಕೇಳಿದಳು. "ಡಾಕ್ಟ್ರು ಏನಂದ್ರು?"

"ಯಾವ ಡಾಕ್ಟ್ರು?"

"ನೀವು ನೋಂದಣಿ ಕೆಲ್ಸ ಅಂತ ಹೋಗ್ತೀರಲ್ಲ, ಆ ಡಾಕ್ಟ್ರು. ಮಾತ್ರೆ ಚೀಟಿ ಅಂಗಿ ಜೇಬಲ್ಲಿತ್ತು, ಒಗೆಯೋಳು ನಾನು ತಾನೆ."

ಎಲ್ಲ ಹೇಳಿದೆ. ಕೇಳಿಸಿಕೊಂಡಳು.

"ಅದಕ್ಕೂ ಮುಂಚೆನೇ ಗೊತ್ತಿತ್ತು ಬುಡಿ. ಯುಗಾದಿಯಿಂದ ನಿಮ್ ಲೋಟಕ್ಕೆ ಅರ್ಧ ಕಾಫಿ ಹಾಕ್ತಾ ಇದೀನಿ, ಎರಡು ಸಲ. ಯಾಕೆ ಅಂದ್ಕಂಡಿದ್ರಿ?"

"ಡೈರಿಗೆ ಹಾಲು ಉಳಿಸ್ತೀಯ ಅಂದ್ಕಂಡೆ."

ನಕ್ಕಳು. ಆಮೇಲೆ ನಗು ಹೋಯಿತು. "ಕೈ ನಡುಗಿದ್ದಕ್ಕೆ ನಂಗೇನೂ ಬೇಜಾರಿಲ್ಲ. ನಾನು ಯಾರೋ ಅನ್ನಂಗೆ ಮುಚ್ಚಿಟ್ರಲ್ಲ, ಅದಕ್ಕೆ."

ನಿಟ್ಟೂರಲ್ಲಿ ಇಳಿಯುವಾಗ ಜನರ ಎದುರೇ ಕೈ ಹಿಡಿದುಕೊಂಡಳು. ಇದು ಮೊದಲ ಸಲ.

ಡಿಸೆಂಬರ್ 15. ಬೆಳಗ್ಗೆ 6

ಸರ್ಟಿಫಿಕೇಟ್ ಹರಿದು ಒಲೆಗೆ ಹಾಕಿದೆ. ಮಂಗಳ ನೋಡುತ್ತಿದ್ದಳು. ಏನದು ಅಂತ ಕೇಳಲಿಲ್ಲ, ನಾನೇ ಹೇಳಿದೆ. ಬೈದಳು. ಬೈಸಿಕೊಂಡ ಮೇಲೆ ಹಗುರವಾಯಿತು.

"ನನ್ ಹೆಸ್ರಿಗೆ ಬರೀರಿ ಅರ್ಜಿ" ಅಂದಳು. "ಕೊಟ್ಟಿಗೆಗೆ ಹೋಗೋಳು ನಾನು. ಕೋವಿ ನಿಮ್ ಕೈಲಿದ್ರೆ ನಂಗೆ ಚಿರತೆ ಭಯದ ಜೊತೆ ಇನ್ನೊಂದು ಭಯ."

ನಿಜ ಹೇಳಬೇಕೆಂದರೆ ನೋವಾಯಿತು. ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೆಂಡತಿಯನ್ನು ಕಾಯಲಾಗದ ಗಂಡ ಯಾಕೆ ಬೇಕು ಅನ್ನಿಸಿತು. ಹೊರಗೆ ಬಂದರೆ ಉಪ್ಪಿಟ್ಟು ರೆಡಿ ಇತ್ತು. ತಿಂದೆ.

ಜನವರಿ 22, ಗುರುವಾರ

ಅರ್ಜಿ ಹೋಗಿ ತಿಂಗಳಾಯಿತು. ಕೈಯಲ್ಲೇ ಬರೆದೆ, ಎರಡು ದಿನ ಹಿಡಿಯಿತು. ಸರ್ವಮಂಗಳ ಕೋಂ ಉದಯಕುಮಾರ್ — ಅವಳ ಪೂರ್ತಿ ಹೆಸರು, ಗಂಡ ಅಂತ ನನ್ನದು. ಡಬಲ್ ಬ್ಯಾರಲ್, ಹನ್ನೆರಡು ಬೋರ್. ರೈಫಲ್ ಯಾಕೆ ಬೇಡ ಅಂತ ಚಕ್ಕುಬಂದಿ ಹೇಳಿ ವಿವರಿಸಿದ್ದೆ, ತಕ್ಷಣ ಒಪ್ಪಿದಳು. ಶಾಲೆ ಮಕ್ಕಳು ಬೇಲಿ ದಾಟಿ ನಮ್ಮ ಸೀಬೆಗೆ ಬರುತ್ತಾರೆ ಅನ್ನುವುದನ್ನು ಅವಳೇ ಸೇರಿಸಿದಳು.

ಇವತ್ತು ಪೊಲೀಸ್ ಸ್ಟೇಷನ್ನಿನಿಂದ ವಿಚಾರಣೆಗೆ ಬಂದಿದ್ದರು. "ಯಜಮಾನ್ರು ಗಟ್ಟಿಮುಟ್ಟಾಗಿ ಇದೀರಾ, ಹೆಂಗಸ್ರ ಹೆಸ್ರಿಗೆ ಯಾಕೆ?"

ಹೇಳಲು ನಾಲ್ಕೈದು ಸುಳ್ಳು ರೆಡಿ ಇದ್ದವು. ಕೈಯನ್ನು ಮೇಜಿನ ಮೇಲಿಟ್ಟೆ. "ನನ್ ಕೈ ನಡುಗ್ತದೆ ಸಾರ್. ಅವ್ಳದ್ದು ನಡುಗಲ್ಲ."

ಅವರು ಬರೆದುಕೊಂಡರು. ಅಷ್ಟೇ. ಮನೆಯ ಹೊರಗಿನವರಿಗೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಏನೂ ಆಗಲಿಲ್ಲ.

ಚಿರತೆಯ ಹೊಸ ಹೆಜ್ಜೆಗುರುತು ಬಾವಿ ಹತ್ತಿರ ಕಂಡಿದೆ. ಈಗ ನಾನೂ ಕೊಟ್ಟಿಗೆಗೆ ಹೋಗುತ್ತೇನೆ, ಟಾರ್ಚ್ ಕುಣಿದರೆ ಕುಣಿಯಲಿ. ಚಿರತೆಗೆ ಅದೇ ಹೆಚ್ಚು ಹೆದರಿಕೆ ಅನ್ನುತ್ತಾಳೆ ಮಂಗಳ.

ಫೆಬ್ರವರಿ 7, ಶನಿವಾರ. ಸಂಜೆ 6

ಪೊಲೀಸರು ಸಾರ್ವಜನಿಕರಿಗೆ ಕೊಡುವ ಬಂದೂಕು ತರಬೇತಿ ಇವತ್ತು ಮುಗಿಯಿತು. ಒಂದು ವಾರ ದಿನಾ ತುಮಕೂರಿಗೆ ಓಡಾಟ. ಕೊನೆಯ ದಿನ ಗುಂಡು ಹಾರಿಸುವುದು. ಒಬ್ಬೊಬ್ಬರಿಗೆ ಹತ್ತು. ಮೂವತ್ತಾರು ಜನರಲ್ಲಿ ಹೆಂಗಸರು ನಾಲ್ಕು.

ನಾನು ಬೇವಿನ ಮರದ ಕೆಳಗೆ, ಅವಳ ಬ್ಯಾಗು, ಊಟದ ಡಬ್ಬಿ, ಚಪ್ಪಲಿ ಕಾಯುತ್ತಾ. ಅವಳ ಸರದಿ ಬಂದಾಗ ಪ್ರತಿ ಸದ್ದಿಗೂ ಒಂದೊಂದು ಬೆರಳು ಮಡಚಿ ಎಣಿಸಿದೆ. ಹತ್ತಾದ ಮೇಲೆ ಕೂದಲು ಕೆದರಿಕೊಂಡು, ಮೊಣಕೈ ತುಂಬ ಮಣ್ಣು ಮಾಡಿಕೊಂಡು ಬಂದಳು. ಏಳು ಗುರಿಗೆ ಬಿದ್ದಿವೆ. ನನ್ನನ್ನು ನೋಡಿ ಮುಖ ಅರಳಿತು. ಮದುವೆಯಾದ ಹೊಸದರಲ್ಲಿ ಹೀಗೆ ನೋಡುತ್ತಿದ್ದಳು. ಇವಳನ್ನು ನಾನು ಎಷ್ಟು ಪ್ರೀತಿಸುತ್ತೇನೆ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಇಲ್ಲಿ ಬರೆದೆ.

ಪೊಲೀಸರ ಹಳೇ ರೈಫಲ್, ಒದೆ ಜೋರು. ಬಲಭುಜ ಕಂದಿದೆ. ಮನೆಗೆ ಬಂದು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬೆಚ್ಚಗೆ ಮಾಡಿದೆ. ಹಚ್ಚಲು ಹೋದರೆ ಕೈ ಶುರುಮಾಡಿತು. ಹಿಂದಕ್ಕೆ ತೆಗೆದೆ.

"ಕೈ ತೆಗೀಬೇಡಿ" ಅಂದಳು. "ನಡುಗಿದ್ರೆ ನಡುಗ್ಲಿ. ನೋವಿಗೆ ಹಿತವಾಗೈತೆ."

ಹಾಗೇ ಇಟ್ಟುಕೊಂಡಿದ್ದೆ, ಬಹಳ ಹೊತ್ತು. ಅದರ ಪಾಡಿಗೆ ಅದು ನಡುಗಿತು. ಅವಳು ಕಣ್ಣು ಮುಚ್ಚಿದ್ದಳು.

ಈಗ ಒಳಗಿನಿಂದ ಕರೆಯುತ್ತಿದ್ದಾಳೆ. ಎಣ್ಣೆ ಆರಿಹೋಗುತ್ತಂತೆ, ಎಡಭುಜಕ್ಕೂ ಹಚ್ಚಬೇಕಂತೆ. ಗುಂಡು ಹೊಡೆದಿದ್ದು ಬಲಭುಜಕ್ಕೆ ಕೊಟ್ಟು. ಎಡಕ್ಕೆ ಯಾಕೆ ಅಂತ ಕೇಳೋಣ ಅಂತಿದ್ದೆ, ಆಮೇಲೆ ಹೊಳೆಯಿತು. ಇವತ್ತಿಗೆ ಇಷ್ಟೇ—