ರೇವಣಾರಾಧ್ಯರ ಎರಡು ಗಂಟಿನ ಕವರ್

ಗುಡ್ಡ ಕುಸಿದ ನೂರ ನಾಲ್ಕನೇ ವರ್ಷ,
ಹಸಿ ತಿಂಗಳ ಮೂವತ್ತೇಳನೇ ದಿನ,
ಗಂಟುಮನೆ, ಮುತ್ತಗೆರೆ.

ತಾತನವರಾದ ಎಂ. ಎಸ್. ರೇವಣಾರಾಧ್ಯರಿಗೆ,

ನಿಮ್ಮ ವಂಶದ ಏಳನೇ ತಲೆಮಾರಿನ ಮಲ್ಲಾಜಿ ಬರೆಯುವ ಕಾಗದ. ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಾವು ತಿಂಗಳನ್ನು ಚಂದ್ರನನ್ನು ನೋಡಿ ಎಣಿಸುವುದಿಲ್ಲ, ಗುಡ್ಡವನ್ನು ನೋಡಿ ಎಣಿಸುತ್ತೇವೆ. ಗುಡ್ಡ ನೆನೆದು ಜಾರುವಷ್ಟು ದಿನವೂ ಹಸಿ ತಿಂಗಳು, ಅದರ ಮೇಲೆ ಕಾಲಿಟ್ಟರೆ ನಿಲ್ಲುವಷ್ಟು ದಿನವೂ ಒಣ ತಿಂಗಳು. ನನ್ನ ಕನ್ನಡದಲ್ಲಿ ನಿಮಗೆ ಗುರುತಿಲ್ಲದ ನಾಲ್ಕಾರು ಮಾತುಗಳು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ. ಉಳಿದಿದ್ದಕ್ಕೆಲ್ಲ ಕೇಳಬೇಕಾದವರು ನೀವು.

ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಅನ್ನುತ್ತಾರೆ. ಗುಡ್ಡದ ಕೆಲಸಕ್ಕೆ ಕರೆ ಬಂದ ಮನೆಯವರು, ಯಾವ ಹಿರಿಯರಿಂದಾಗಿ ಆ ಕರೆ ಬಂತೋ ಅವರಿಗೊಂದು ಕಾಗದ ಬರೆದು, ಅವರದೇ ಕಸದ ಕವರಿನೊಳಗಿಟ್ಟು, ಅದು ಸಿಕ್ಕಿದ ಜಾಗದಲ್ಲೇ ಹೂಳಬೇಕು. ತಲುಪುತ್ತದೆಯೇ ಎಂದರೆ, ಇವತ್ತಿನವರೆಗೆ ಯಾರಿಗೂ ಉತ್ತರ ಬಂದಿಲ್ಲ. ಆದರೂ ಬರೆಯುತ್ತೇವೆ, ಬರೆಯದೆ ಇದ್ದರೆ ಹೊಟ್ಟೆಯೊಳಗಿನ ಉರಿಯನ್ನು ಎಲ್ಲಿ ಇಡುವುದು? ಹಿಂದೋಲೆಯಲ್ಲಿ ಹಿರಿಯರಿಗೆ ‘ನೀವು’ ಅನ್ನಬೇಕು, ಬೈಯಬಾರದು ಎಂದು ಕಟ್ಟಳೆಯಿದೆ. ಹಾಗಾಗಿ ನೀವು ಅನ್ನುತ್ತಿದ್ದೇನೆ. ಬಾಯಿಗೆ ಬರುತ್ತಿರುವುದೇ ಬೇರೆ.

ಗುಡ್ಡ ಎಂದರೆ ದೇವರ ಗುಡ್ಡವಲ್ಲ. ನಿಮ್ಮ ಕಾಲದಲ್ಲಿ ಊರಾಚೆ, ಕೆರೆ ಏರಿಯ ಹಿಂದೆ, ಕಲ್ಲು ಒಡೆದು ಬಿಟ್ಟುಹೋದ ಒಂದು ಹಳ್ಳವಿತ್ತಲ್ಲ, ಕ್ವಾರಿ ಅನ್ನುತ್ತಿದ್ದಿರಿ. ಅದನ್ನು ನೀವೆಲ್ಲ ಸೇರಿ ಕಸದಿಂದ ತುಂಬಿಸಿದಿರಿ. ತುಂಬಿದ ಮೇಲೂ ನಿಲ್ಲಿಸಲಿಲ್ಲ. ಹಳ್ಳ ಹೋಗಿ ಗುಡ್ಡವಾಯಿತು, ಊರಿನ ನೀರಿನ ಟ್ಯಾಂಕಿಗಿಂತ ಎತ್ತರವಾಯಿತು. ನೂರ ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಅದರ ಅರ್ಧ ಭಾಗ ಕುಸಿದು ಕೆರೆಗೆ ಇಳಿಯಿತು. ಮೇಲೆ ಕೆಲಸ ಮಾಡುತ್ತಿದ್ದ ಹನ್ನೊಂದು ಜನ ಅಡಿಯಲ್ಲಿ ಸಿಕ್ಕಿ ಸತ್ತರು. ಹನ್ನೊಂದೂ ಜನ ನಿಮ್ಮ ಬೀದಿಗೆ ಕಸದ ಗಾಡಿ ತರುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು. ಉಳಿದವರು ಪೊರಕೆ, ಸಲಿಕೆ, ಬುಟ್ಟಿ ಎಲ್ಲ ತಂದು ನಗರಸಭೆಯ ಮೆಟ್ಟಿಲ ಮೇಲೆ ಒಗೆದರು. ಇನ್ನು ನಾವು ಮುಟ್ಟುವುದಿಲ್ಲ, ಯಾರ ಕಸವೋ ಅವರ ಮಕ್ಕಳೇ ಬಂದು ತೆಗೆಯಲಿ ಅಂದರು. ಅಂದಿನಿಂದ ಅದೇ ಕಟ್ಟಳೆ. ಗುಡ್ಡದಿಂದ ತೆಗೆದ ಕವರಿನೊಳಗೆ ಹೆಸರಿರುವ ಚೀಟಿ ಸಿಕ್ಕರೆ, ಆ ಹೆಸರಿನವರ ವಂಶದಲ್ಲಿ ಹದಿನೆಂಟು ತುಂಬಿದ ಅತಿ ಕಿರಿಯರು ಮೂರು ವರ್ಷ ಗುಡ್ಡ ತೋಡಬೇಕು. ಇದಕ್ಕೆ ಚೀಟಿಕರೆ ಅನ್ನುತ್ತೇವೆ.

ತೋಡುವುದು ಯಾಕೆ, ಮಣ್ಣು ಮುಚ್ಚಿ ಬಿಡಬಾರದೇ ಎಂದು ನೀವು ಕೇಳುತ್ತೀರಿ, ಗೊತ್ತು. ಕಣ್ಣಿಗೆ ಕಾಣದಂತೆ ಮುಚ್ಚಿಬಿಡುವುದು ನಿಮಗೆ ಚೆನ್ನಾಗಿ ಬರುತ್ತಿತ್ತು. ಗುಡ್ಡದ ಅಡಿಯಿಂದ ಕಾಫಿ ಡಿಕಾಕ್ಷನ್ ಬಣ್ಣದ ನೀರು ಇಂದಿಗೂ ಇಳಿಯುತ್ತಿದೆ. ಕೆರೆ ಹೋಯಿತು, ಬಾವಿಗಳು ಹೋದವು, ಬೋರ್‌ವೆಲ್ಲುಗಳು ಹೋದವು. ನಾವು ಕುಡಿಯುವುದು ಮಳೆಯ ನೀರು ಮಾತ್ರ. ತಾರಸಿ ಮೇಲೆ ಮಳೆನೀರು ಬೀಳುವ ಕಡೆ ಚಪ್ಪಲಿ ಹಾಕಿಕೊಂಡು ಹೋದರೆ ನಮ್ಮ ಅತ್ತೆಯಂದಿರು ಊರು ಕೇಳುವಂತೆ ಕೂಗಾಡುತ್ತಾರೆ. ಸ್ನಾನಕ್ಕೆ ವಾರಕ್ಕೆರಡು ಚೊಂಬು. ಬಾಣಂತಿಗೆ ನಾಲ್ಕು. ಅಂಗಡಿಯಲ್ಲಿ ಯಾವುದನ್ನೂ ಕಟ್ಟಿಕೊಡುವುದಿಲ್ಲ, ಸೆರಗಿನಲ್ಲೋ ಡಬ್ಬಿಯಲ್ಲೋ ತರಬೇಕು. ಒಂದು ಮನೆಯ ತಿಂಗಳ ಕಸ ಒಂದು ಸೇರಿಗಿಂತ ಹೆಚ್ಚಾದರೆ ಬೀದಿಯವರೆಲ್ಲ ಬಂದು ಇಣುಕಿ ನೋಡುತ್ತಾರೆ, ಮಾನ ಹೋಗುತ್ತದೆ. ಗುಡ್ಡ ತೋಡಿ ಬಂದವರನ್ನು ಕೆಮ್ಮಿನಲ್ಲೇ ಗುರುತು ಹಿಡಿಯುತ್ತೇವೆ. ನಮ್ಮ ಪಕ್ಕದ ಮನೆಯ ಹುಡುಗ ಮೂರು ವರ್ಷ ಮುಗಿಸಿ ಬಂದ, ವಯಸ್ಸು ಇಪ್ಪತ್ತಾರು. ಮನೆಯ ಹತ್ತು ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ಕೂರುತ್ತಾನೆ.

ನಾನು ಗಂಟು ಬಿಚ್ಚುವವಳು. ಗುಡ್ಡದಿಂದ ಬಂದ ಕವರುಗಳನ್ನು ಗಂಟುಮನೆಯಲ್ಲಿ ಬಿಚ್ಚಿ, ಒಳಗಿನ ಚೀಟಿಯಲ್ಲಿ ಹೆಸರಿದ್ದರೆ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬರೀ ಕಸ ಬಿಸಾಡಿದ್ದರೆ ನಿಮ್ಮ ಕಾಲದ ಕಾಗದವೊಂದೂ ಉಳಿಯುತ್ತಿರಲಿಲ್ಲ, ಮಣ್ಣಾಗಿ ಹೋಗುತ್ತಿತ್ತು. ಆದರೆ ನಿಮಗೆ ವಾಸನೆ ಆಗುತ್ತಿರಲಿಲ್ಲವಲ್ಲ! ಹಸಿ ಕಸ, ಒಣ ಕಸ, ಮುರಿದ ಗಾಜು, ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ತುರುಕಿ, ಗಾಳಿ ಕೂಡ ಹೋಗದಂತೆ ಗಂಟು ಹಾಕಿ, ಅದರ ಮೇಲೆ ಇನ್ನೊಂದು ಗಂಟು ಹಾಕುತ್ತಿದ್ದಿರಿ. ಆ ಎರಡು ಗಂಟಿನೊಳಗೆ ನಿಮ್ಮ ಕೊರಿಯರ್ ಡಬ್ಬಿಗಳ ಚೀಟಿ, ಹೆಸರು, ಮನೆ ನಂಬರು, ಅಡ್ಡರಸ್ತೆ, ಎಲ್ಲ ಒಂದಕ್ಷರ ಅಳಿಸದೆ ಉಳಿದಿದೆ. ನನ್ನ ಬಾಯಿಂದ ಹೊರಟ ಹೆಸರುಗಳಿಂದ ಮುನ್ನೂರಕ್ಕೂ ಹೆಚ್ಚು ಮಕ್ಕಳು ಗುಡ್ಡ ಹತ್ತಿದ್ದಾರೆ. ತಾಯಂದಿರು ನನ್ನ ಮುಖಕ್ಕೆ ಉಗಿದಿದ್ದಾರೆ. ನಾನು ಒರೆಸಿಕೊಂಡು ಮುಂದಿನ ಗಂಟು ಬಿಚ್ಚಿದ್ದೇನೆ.

ಈ ಹಸಿ ತಿಂಗಳ ಒಂಬತ್ತನೇ ದಿನ, ಒಣ ತಿಂಗಳಲ್ಲಿ ತೋಡಿಟ್ಟ ರಾಶಿಯಿಂದ ನಿಮ್ಮ ಕವರ್ ನನ್ನ ಕೈಗೆ ಬಂತು. ಬಿಚ್ಚುವಾಗಲೇ ಟ್ಯೂಬ್‌ಲೈಟಿನ ಚೂರು ಬೆರಳಿಗೆ ಹೊಕ್ಕಿತು. ಹಾಲಿನ ಪ್ಯಾಕೆಟ್ಟು, ಕೇಕಿನ ಡಬ್ಬಿ, ಮಾತ್ರೆಯ ಹಾಳೆ, ಖಾರಾಭಾತ್ ತಿಂದ ಥರ್ಮೋಕೋಲ್ ತಟ್ಟೆಗಳು. ಆಮೇಲೆ ಕೊರಿಯರ್ ಚೀಟಿ. ಎಂ. ಎಸ್. ರೇವಣಾರಾಧ್ಯ, ಬೇಕರಿ ಮಾಲೀಕರು, ನಾಲ್ಕನೇ ಅಡ್ಡರಸ್ತೆ, ಮುತ್ತಗೆರೆ. ನಮ್ಮ ಮನೆಯ ವಂಶಾವಳಿಯಲ್ಲಿ ಮೊದಲನೇ ಹೆಸರು. ನಮ್ಮ ಮನೆಗೆ ಇದುವರೆಗೆ ಕರೆ ಬಂದಿರಲಿಲ್ಲ, ನಮ್ಮ ಹಿರಿಯರು ಒಳ್ಳೆಯವರಿದ್ದಿರಬೇಕು ಎಂದು ನಾವು ಜಂಬದಿಂದ ಹೇಳಿಕೊಳ್ಳುತ್ತಿದ್ದೆವು. ನನಗಿರುವುದು ಒಬ್ಬಳೇ ಮಗಳು, ಪಾರಿಜಾತ. ಹತ್ತೊಂಬತ್ತು ವರ್ಷ. ಜೋರು ಗಂಟಲು, ಎರಡು ಬೀದಿ ಆಚೆಯಿಂದ ಅಮ್ಮಾ ಎಂದು ಕೂಗಿದರೆ ಒಲೆ ಮುಂದೆ ಕೂತ ನನಗೆ ಕೇಳುತ್ತದೆ. ನಮ್ಮ ವಂಶದಲ್ಲಿ ಅವಳೇ ಕಿರಿಯಳು.

ಓದಲೆಂದು ಎದ್ದು ನಿಂತೆ, ಓದಲಿಲ್ಲ. ಗಂಟುಮನೆಯ ಯಜಮಾನಿ ಸಣ್ಣಮ್ಮ ಎದುರಿಗೇ ಕೂತಿದ್ದಳು. ನನ್ನ ಕೈಯಲ್ಲಿದ್ದ ಚೀಟಿಯನ್ನೂ ನೋಡಿದಳು, ನನ್ನ ಮುಖವನ್ನೂ ನೋಡಿದಳು. “ಮಲ್ಲಾಜಿ, ಕಿಟಕಿ ತೆಗ್ದೈತೆ. ಗಾಳಿಗೆ ಏನಾರ ಹಾರ್ಕೊಂಡ್ ಹೋದ್ರೆ ನಾನಂತೂ ನೋಡ್ಲಿಲ್ಲ ಕಣಮ್ಮ,” ಅಂದು ಬೇಕೆಂದೇ ಆಚೆ ತಿರುಗಿ ಕೂತಳು. ಕಟ್ಟಳೆ ಅಂದರೆ ಕಟ್ಟಳೆ ಅನ್ನುವ ಹೆಂಗಸು ಅವಳು, ತನ್ನ ಅಣ್ಣನ ಮಗನಿಗೆ ತಾಯಿಯ ಕಡೆಯ ಹಿರಿಯರಿಂದ ಕರೆ ಬಂದಾಗಲೂ ರಿಯಾಯಿತಿ ಕೊಟ್ಟವಳಲ್ಲ. ನಾನು ಚೀಟಿಯನ್ನು ಮುಷ್ಟಿಯಲ್ಲಿ ಮುದುರಿಕೊಂಡೆ. ಸುಳ್ಳು ಯಾಕೆ ಹೇಳಲಿ, ಕಿಟಕಿಯವರೆಗೂ ಹೋದೆ. ಹೋಗುವಾಗ ಇನ್ನೊಂದು ಕೈಯಲ್ಲಿದ್ದ ಕವರಿನಿಂದ ಮಡಿಚಿದ ಮೂರು ಹಾಳೆ ಕೆಳಗೆ ಬಿದ್ದವು. ಎತ್ತಿಕೊಂಡು ಓದಿದೆ.

ಅದು ನಿಮ್ಮ ಬಡಾವಣೆಯ ಸಂಘದ ಸಭೆಯ ನಡಾವಳಿ. ಕಸ ಸಾಗಿಸುವ ದರವನ್ನು ಮನೆಗಳಿಗೂ ಅಂಗಡಿಗಳಿಗೂ ಏರಿಸಬೇಕೆಂದು ನಗರಸಭೆ ಕೇಳಿತ್ತು, ಅದಕ್ಕೆ ಬಡಾವಣೆಯ ಒಪ್ಪಿಗೆ ಬೇಕಿತ್ತು. ಹಸಿ ಕಸಕ್ಕೊಂದು ಗಾಡಿ, ಒಣ ಕಸಕ್ಕೊಂದು ಗಾಡಿ, ಗೊಬ್ಬರ ಮಾಡಲು ಒಂದು ಶೆಡ್ಡು, ಕೆಲಸದವರಿಗೆ ಬೂಟು, ಗ್ಲೌಸು. ಕೇಳಿದ್ದು ಇಷ್ಟೇ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಭೆ, ತಿಂಡಿಯ ವ್ಯವಸ್ಥೆ ನಿಮ್ಮದು, ಅಧ್ಯಕ್ಷರೂ ನೀವೇ. ನಿಮ್ಮ ಕಾರ್ಯದರ್ಶಿ ಪುಣ್ಯಾತ್ಮ, ಒಂದು ಮಾತೂ ಬಿಡದೆ ಬರೆದಿದ್ದಾನೆ. “ಏನ್ರೀ ಇದು ಅನ್ಯಾಯ? ಕಸಾನೂ ನಾವೇ ಕೊಡ್ಬೇಕು, ಮೇಲೆ ದುಡ್ಡೂ ನಾವೇ ಕೊಡ್ಬೇಕಾ? ನಮ್ಮನೆ ಬಾಗ್ಲು ದಾಟಿದ್ ಮೇಲೆ ಅದು ಎಲ್ಲಿಗಾದ್ರೂ ಹೋಗ್ಲಿ, ನಮಗ್ಯಾಕ್ರೀ ಅದರ ಉಸಾಬರಿ?” ಇದು ನೀವು ಆಡಿದ ಮಾತು. ಪಕ್ಕದಲ್ಲಿ ‘ಚಪ್ಪಾಳೆ’ ಎಂದೂ ಬರೆದಿದ್ದಾನೆ. ದರ ಏರಿಸಬಾರದು, ಬೇಕಾದರೆ ಗಾಡಿ ವಾರಕ್ಕೆ ಮೂರೇ ದಿನ ಬರಲಿ, ಎಲ್ಲ ಒಟ್ಟಿಗೇ ಕ್ವಾರಿಗೆ ಸುರಿಯಲಿ ಎಂದು ಕೈ ಎತ್ತಿ ತೀರ್ಮಾನ ಮಾಡಿದಿರಿ. ಆಮೇಲೆ ಆ ನಡಾವಳಿಯನ್ನೇ ತಿಂಡಿಯ ತಟ್ಟೆಗಳ ಜೊತೆ ಕವರಿಗೆ ಹಾಕಿ ಎರಡು ಗಂಟು ಬಿಗಿದಿರಿ.

ಅಲ್ಲಿಗೂ ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ. ಮೂರನೇ ಹಾಳೆಯ ಕೊನೆಯಲ್ಲಿ ಎರಡು ಸಾಲು ಇತ್ತು. “ಶಾಮಿಯಾನದವರಿಂದ ನಲವತ್ತು ಕುರ್ಚಿ ತರಿಸಲಾಗಿದ್ದು, ಒಂಬತ್ತು ಖಾಲಿ ಉಳಿದವು. ನಮ್ಮ ಬೀದಿಯ ಪೌರಕಾರ್ಮಿಕರಾದ ಓಬಳಮ್ಮ ಎಂಬುವರು ಮಾತನಾಡಬೇಕೆಂದು ಬಂದು ಚಪ್ಪಲಿ ಬಿಡುವ ಕಡೆ ನಿಂತಿದ್ದು, ಸಮಯದ ಅಭಾವದಿಂದ ಅವಕಾಶವಾಗಲಿಲ್ಲ.” ಥೂ! ಒಂಬತ್ತು ಕುರ್ಚಿ ಖಾಲಿ ಇತ್ತು ತಾತ. ಓಬಳಮ್ಮ ಯಾರು ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗುಡ್ಡದಡಿ ಸತ್ತ ಹನ್ನೊಂದು ಜನರಲ್ಲಿ ಇಬ್ಬರು ಅವಳ ಮೊಮ್ಮಕ್ಕಳು. ಸಣ್ಣಮ್ಮ ಅವಳ ವಂಶದವಳು. ಅವಳನ್ನು ಚಪ್ಪಲಿಯ ಪಕ್ಕ ನಿಲ್ಲಿಸಿದವರು ನೀವು, ಇವತ್ತು ನಿಮ್ಮ ಮನೆಯ ಹುಡುಗಿ ಉಳಿಯಲಿ ಎಂದು ಮುಖ ಆಚೆ ತಿರುಗಿಸಿ ಕೂತವಳು ಅವಳ ಮನೆಯ ಹೆಣ್ಣುಮಗಳು. ಆ ದಯೆಯನ್ನು ನಾನು ಯಾವ ಮುಖ ಇಟ್ಟುಕೊಂಡು ತೆಗೆದುಕೊಳ್ಳಲಿ? ಎದ್ದು ನಿಂತ ಜಾಗಕ್ಕೇ ವಾಪಸು ಬಂದೆ. ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದೆ.

ಮನೆಗೆ ಬಂದು ಪಾರಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. “ಮುಚ್ಚಿಡಬಹುದಿತ್ತಲ್ಲಮ್ಮ,” ಅಂದಳು. ಅದೊಂದೇ ಮಾತು, ಆಮೇಲೆ ಇವತ್ತಿನವರೆಗೆ ಅದರ ಸುದ್ದಿ ಎತ್ತಿಲ್ಲ. ನಾನೂ ಎತ್ತಿಲ್ಲ. ಅವಳ ಮುಖ ನೋಡುವಾಗೆಲ್ಲ ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬರುತ್ತದೆ ಎಂದರೆ, ನಿಮ್ಮ ಸಮಾಧಿ ಎಲ್ಲಿದೆಯೆಂದು ಗೊತ್ತಿದ್ದರೆ ಹೋಗಿ ಒದ್ದು ಬರುತ್ತಿದ್ದೆ. ಬೈಯಬಾರದೆಂಬ ಕಟ್ಟಳೆ ಹಾಳಾಗಿ ಹೋಗಲಿ.

ಇನ್ನು ನಾನು ಕೇಳುವುದು. ಈ ಕವರ್ ಆ ಭಾನುವಾರಕ್ಕೆ ಮೊದಲೇ ನಿಮ್ಮ ಕೈ ಸೇರಿದರೆ ಕೇಳಿಸಿಕೊಳ್ಳಿ. ನೀವು ಇನ್ನೂ ಆಡದಿರುವ ಮಾತು ನನಗೆ ಬಾಯಿಪಾಠವಾಗಿದೆ, ಅದನ್ನು ಆಡಬೇಡಿ. ಏರಿಸಿದ ಹಣವನ್ನು ನಗರಸಭೆಯವರು ನುಂಗುತ್ತಾರೆ ಎಂದು ಅದೇ ನಡಾವಳಿಯಲ್ಲಿರುವ ನಿಮ್ಮ ಅನುಮಾನ ಸುಳ್ಳೆಂದು ನಾನು ಹೇಳುತ್ತಿಲ್ಲ. ನುಂಗುವವರಿದ್ದರೆ ಅವರ ಕೊರಳಪಟ್ಟಿ ಹಿಡಿದು ಕೇಳಿ. ಎರಡು ಗಾಡಿ ಬರದಿದ್ದರೆ ರಸ್ತೆಗೆ ಇಳಿದು ಜಗಳ ತೆಗೆಯಿರಿ, ಜಗಳಕ್ಕೇನು ಕಮ್ಮಿಯಿಲ್ಲದ ವಂಶ ನಮ್ಮದು. ಆದರೆ ಕೊಡುವುದನ್ನು ಕೊಟ್ಟು ಜಗಳವಾಡಿ. ದೊಡ್ಡ ಕೇಕಿನ ಡಬ್ಬಿ ಮಾರುವ ನಿಮ್ಮಂಥ ಅಂಗಡಿಯವರು ಮೊದಲು ಕೊಡಿ. ಹಸಿಯನ್ನು ಬೇರೆ ಇಡಿ, ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡಿ, ಅದನ್ನು ಬಿಚ್ಚುವ ಕೈಯೂ ಕೈಯೇ. ಇದೆಲ್ಲ ಆಗದಿದ್ದರೆ ಒಂದಾದರೂ ಮಾಡಿ. ಓಬಳಮ್ಮ ಬಂದಾಗ ಎದ್ದು ಹೋಗಿ, ಕೈ ತೋರಿಸಿ, ಒಂದು ಕುರ್ಚಿ ಕೊಟ್ಟು ಕೂರಿಸಿ, ಅವಳು ಹೇಳಬೇಕೆಂದು ಬಂದದ್ದನ್ನು ಪೂರ್ತಿ ಕೇಳಿ. ಅವಳು ಏನು ಹೇಳುತ್ತಿದ್ದಳೋ ನಮಗೆ ಇಂದಿಗೂ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಸಣ್ಣಮ್ಮ ಗುಡ್ಡದ ಮೇಲೆ ಕಾಲಿಟ್ಟು ನೋಡಿದಳು. ಕಾಲು ನಿಂತಿತು. ನಾಳೆ ಒಣ ತಿಂಗಳ ಮೊದಲನೇ ದಿನ. ಪಾರಿ ತನ್ನ ಬಟ್ಟೆ ಗಂಟು ಕಟ್ಟಿಕೊಂಡು ಬಾಗಿಲ ಪಕ್ಕ ಇಟ್ಟಿದ್ದಾಳೆ. ನಮ್ಮ ಮನೆಗೆ ಎರಡು ಬೀದಿ ಆಚೆ, ಗುಡ್ಡದ ಬುಡದಲ್ಲಿ ದಿನವೂ ಹಾಜರಿ ಕೂಗುತ್ತಾರೆ, ಆದರೆ ಅಲ್ಲಿ ತೋಡುವವರ ಹೆಸರು ಕೂಗುವ ಪದ್ಧತಿಯಿಲ್ಲ, ಯಾರ ಚೀಟಿಯಿಂದ ಬಂದರೋ ಅವರ ಹೆಸರನ್ನೇ ಕೂಗುತ್ತಾರೆ. ನಾಳೆ ಬೆಳಿಗ್ಗೆಯಿಂದ ಮೂರು ವರ್ಷ, ದಿನಾ ಸೂರ್ಯ ಹುಟ್ಟುವಾಗ, ಎಂ. ಎಸ್. ರೇವಣಾರಾಧ್ಯ ಎಂದು ಕೂಗುತ್ತಾರೆ. ನನ್ನ ಮಗಳು ಆ ಜೋರು ಗಂಟಲಿನಲ್ಲಿ ‘ಬಂದೆ’ ಅನ್ನುತ್ತಾಳೆ. ಆ ಗಂಟಲು ಎಷ್ಟು ದಿನ ನಮ್ಮ ಮನೆಯವರೆಗೆ ಕೇಳಿಸುತ್ತದೆಯೋ ಎಂದು ನಾನು ಒಲೆ ಮುಂದೆ ಕೂತು ಕೇಳಿಸಿಕೊಳ್ಳುತ್ತಿರುತ್ತೇನೆ.

ನಿಮ್ಮ ವಂಶದ,
ಮಲ್ಲಾಜಿ