ಮೂರನೆಯ ಫೋಟೋದಲ್ಲಿ ಅವಳು ನಗುತ್ತಿದ್ದಾಳೆ

ಚರ್ಮ ಚಿಕಿತ್ಸಾಲಯದ ದಾಖಲೆ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಹೆಂಡತಿಯ ಮುಖ ನಿಮ್ಮ ಬಳಿ ಇದೆ. ಅದನ್ನು ನೀವು ಕೊಡುತ್ತಿಲ್ಲ. ಮೂರು ಅರ್ಜಿ ಹಾಕಿದೆ, ಮೂರಕ್ಕೂ ಒಂದೇ ಉತ್ತರ: "ಚಿಕಿತ್ಸೆಗೆ ಮುಂಚಿನ ಭಾವಚಿತ್ರಗಳನ್ನು ಪಡೆಯಲು ರೋಗಿಯು ಖುದ್ದಾಗಿ ಹಾಜರಾಗತಕ್ಕದ್ದು." ಅವಳು ತೀರಿಕೊಂಡು ಐದು ತಿಂಗಳಾಯಿತು. ಖುದ್ದಾಗಿ ಹಾಜರಾಗುವ ಅಭ್ಯಾಸವನ್ನು ಅವಳು ಬಿಟ್ಟುಬಿಟ್ಟಿದ್ದಾಳೆ. ಚಿಕಿತ್ಸೆ ಮುಗಿಸದವರ ಕಡತಗಳನ್ನೆಲ್ಲ ಈ ತಿಂಗಳ ಕೊನೆಗೆ ಅಳಿಸಿಹಾಕುತ್ತೇವೆಂದು ನಿಮ್ಮ ಗೋಡೆಯ ಮೇಲೆ ನೋಟೀಸು ಬೇರೆ ಅಂಟಿಸಿದ್ದೀರಿ. ಅದಕ್ಕೇ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಾನು ಹೆಚ್ಚು ಓದಿದವನಲ್ಲ. ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ನನ್ನ ಕೆಲಸ. ಮಿಕ್ಕ ಹಾಳೆಗಳನ್ನು ಹೊಲಿದುಕೊಂಡು ದಿನಚರಿ ಬರೆಯುತ್ತೇನೆ. ಆದ್ದರಿಂದ ನಾನು ಹೇಳುವ ತಾರೀಖುಗಳ ಬಗ್ಗೆ ನಿಮಗೆ ಅನುಮಾನ ಬೇಡ.

ನನ್ನ ಹೆಂಡತಿ ಒಂದು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಉಡುಪನ್ನು ಬಿಗಿ ಮಾಡುತ್ತಿದ್ದಳು, ಸಡಿಲ ಮಾಡುತ್ತಿದ್ದಳು. ಐವತ್ತೇಳರಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದು ದಿನ ಒಬ್ಬ ಗಿರಾಕಿ ಅವಳ ಮುಖ ನೋಡಿ, "ಅಜ್ಜಿ, ನಿಮಗೆ ಕಣ್ಣು ಕಾಣುತ್ತಾ? ಬೇರೆ ಯಾರೂ ಇಲ್ವಾ?" ಎಂದಳಂತೆ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಕೈಗೆ ಬರುತ್ತಿದ್ದ ಬಟ್ಟೆ ಕಡಿಮೆಯಾಯಿತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, "ಕಣ್ಣು ನೆಟ್ಟಗೇ ಇದೆ ಕಣ್ರೀ, ಸುತ್ತಮುತ್ತಲೇ ಕೆಟ್ಟುಹೋಗಿರೋದು" ಎಂದಳು. ನಾನು, "ಚೆನ್ನಾಗೇ ಇದೀಯ ಬಿಡು" ಎಂದೆ. ಪೇಪರಿನಿಂದ ತಲೆ ಎತ್ತದೆ ಎಂದೆ. ಅದು ನನ್ನ ತಪ್ಪು, ನಿಮ್ಮ ಕಚೇರಿಯದಲ್ಲ.

ಸುಕ್ಕು ತೆಗೆಸಲು ನಿಮ್ಮಲ್ಲಿಗೆ ಬಂದ ಮೊದಲ ದಿನ ಫೋಟೋ ತೆಗೆದರು. ಮೊದಲನೆಯದಕ್ಕೆ ಸುಮ್ಮನೆ ಕೂರಬೇಕು. ಎರಡನೆಯದಕ್ಕೆ ಹುಬ್ಬು ಗಂಟಿಕ್ಕಬೇಕು. ಮೂರನೆಯದಕ್ಕೆ ಬಾಯಿ ತುಂಬ ನಗಬೇಕು. ನಕ್ಕರೇ ಸುಕ್ಕೆಲ್ಲ ಹೊರಗೆ ಬರುವುದಂತೆ. ನನ್ನ ಹೆಂಡತಿಗೆ ಮುಂದಿನ ಹಲ್ಲೊಂದು ವಾರೆ. ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ನಮ್ಮ ಮನೆಯ ಫೋಟೋಗಳಲ್ಲಿ ಅವಳ ಅಂಗೈ ಚೆನ್ನಾಗಿ ಬಿದ್ದಿದೆ. ಆದರೆ ನಿಮ್ಮ ಫೋಟೋ ತೆಗೆಯುವ ಹುಡುಗಿ, "ಅಮ್ಮಾ, ಕೈ ತೊಡೆ ಮೇಲಿರಲಿ. ಈಗ ಜೋರಾಗಿ ನಗಿ" ಎಂದಳು.

"ಸುಮ್‌ಸುಮ್ನೆ ನಗೋಕೆ ನನಗೇನು ತಲೆ ಕೆಟ್ಟಿದೆಯಾ ತಾಯಿ?"

ನಾನು ಮೂಲೆಯಿಂದ, "ಮದುವೆ ದಿನದ ನನ್ನ ಪ್ಯಾಂಟು ನೆನಪು ಮಾಡ್ಕೋ" ಎಂದೆ. ಆ ಪ್ಯಾಂಟು ಹೊಲಿದವಳು ಅವಳೇ. ಅವಸರದಲ್ಲಿ ಒಂದು ಕಾಲು ನಾಲ್ಕು ಬೆರಳು ಗಿಡ್ಡ ಮಾಡಿಬಿಟ್ಟಿದ್ದಳು. ಅದು ಕಾಣದಿರಲೆಂದು ನಾನು ದಿನವಿಡೀ ಒಂದು ಮಂಡಿ ಬಗ್ಗಿಸಿ ನಿಂತಿದ್ದೆ. ಹುಡುಗ ಕುಂಟ ಎಂದು ಅವಳ ಸೋದರತ್ತೆ ಅತ್ತೇಬಿಟ್ಟಿದ್ದರು. ನನ್ನ ಹೆಂಡತಿ ನಕ್ಕಳು. ಕೈ ತೊಡೆಯ ಮೇಲೇ ಇತ್ತು. ಕ್ಯಾಮೆರಾ ಬೆಳಗಿತು.

ಆಮೇಲೆ ಮೂರು ಸಲ ಲೇಸರ್ ಆಯಿತು. ಸೂಜಿಮೊನೆಯಷ್ಟು ಬೆಳಕಿನಿಂದ ಚರ್ಮವನ್ನು ಅಲ್ಲಲ್ಲಿ ಸುಡುವುದು, ಗಾಯ ಮಾಯುವಾಗ ಹೊಸ ಚರ್ಮ ಬಿಗಿಯಾಗುವುದು ಎಂದು ವಿವರಿಸಿದ್ದರು. ಪ್ರತಿಸಲವೂ ಮೂರ್ನಾಲ್ಕು ದಿನ ಪರದೆ ಎಳೆದುಕೊಂಡು, ಕೆನ್ನೆಗೆ ತಣ್ಣನೆಯ ಬಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. "ಟೊಮೆಟೊ ಥರ ಕಾಣ್ತೀನಾ?" "ಇಲ್ಲ, ಇನ್ನೂ ಪೂರ್ತಿ ಹಣ್ಣಾಗಿಲ್ಲ." ನಾಲ್ಕನೆಯದಕ್ಕೆ ಮುಂಚೆ, ಆರನೇ ತಾರೀಖು, ಅವಳ ಹೃದಯ ನಿಂತಿತು. ನಿಮ್ಮ ಯಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು, ನಾನೂ ನಂಬುತ್ತೇನೆ. ಆ ದಿನ ಅವಳ ಮುಖ ನೋಡಿದೆ. ಗೆರೆಗಳು ಅರ್ಧ ಅಳಿಸಿಹೋಗಿದ್ದವು. ನಿಮ್ಮವರ ಕೆಲಸ ಅಚ್ಚುಕಟ್ಟು.

ಮುಂದಿನದು ನನ್ನ ತಪ್ಪೊಪ್ಪಿಗೆ. ಕೆಲವು ದಿನಗಳ ಮೇಲೆ ಅವಳ ಫೋನಿಗೆ ನಿಮ್ಮ ಸಂದೇಶ ಬಂತು: "ನಿಮ್ಮ ನಾಲ್ಕನೆಯ ಲೇಸರ್ ಇಪ್ಪತ್ತೈದು, ಮಂಗಳವಾರ, ಹನ್ನೊಂದೂವರೆಗೆ. ಬರುವುದಾದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು ಒತ್ತಿ." ಎರಡು ಒತ್ತಲು ಬೆರಳು ಏಳಲಿಲ್ಲ. ಒಂದು ಒತ್ತಿದೆ. ಒತ್ತಿದ ಮೇಲೆ ಹೋಗದಿದ್ದರೆ ಹೇಗೆ? ಹೋದೆ. ಕೌಂಟರಿನಲ್ಲಿ ಅವಳ ಫೋನು ತೋರಿಸಿದೆ. ಅವರು ಗುರುತು ಹಾಕಿಕೊಂಡು, "ಕೂತಿರಿ, ಕರೀತೀವಿ" ಎಂದರು. ಕೂತೆ, ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲ ಇಟ್ಟುಕೊಂಡು. ಅವಳ ಹೆಸರು ಕರೆದರು. ಐದು ತಿಂಗಳಲ್ಲಿ ಬೇರೆಯವರ ಬಾಯಲ್ಲಿ ಆ ಹೆಸರು ಅಷ್ಟು ಸಹಜವಾಗಿ ಬಂದದ್ದು ಅದೊಂದೇ ಸಲ. ಎರಡನೆಯ ಸಲ ಕರೆದಾಗ ಎದ್ದು ಮನೆಗೆ ಬಂದೆ.

ಈಗ ನಿಮ್ಮ ಗುಮಾಸ್ತೆ ಕೇಳುತ್ತಾಳೆ: "ಸರ್ಟಿಫಿಕೇಟಲ್ಲಿ ಆರಕ್ಕೆ ತೀರಿಕೊಂಡರು ಅಂತಿದೆ. ನಮ್ಮ ಕಂಪ್ಯೂಟರಲ್ಲಿ ಇಪ್ಪತ್ತೈದಕ್ಕೆ ಹಾಜರ್. ಯಾವುದು ಸುಳ್ಳು ಸಾರ್?"

"ನಾನೇ ಒತ್ತಿದ್ದಮ್ಮ."

"ಯಾಕೆ?"

ಅದಕ್ಕೆ ನಿಮ್ಮ ನಮೂನೆಯಲ್ಲಿ ಜಾಗವಿಲ್ಲ.

ನಿಯಮ ರೋಗಿಯ ಗುಟ್ಟು ಕಾಪಾಡಲು ಎನ್ನುತ್ತೀರಿ. ನಿಮ್ಮ ಬಾಗಿಲ ಮೇಲಿನ ದೊಡ್ಡ ಫಲಕದಲ್ಲಿ ಒಬ್ಬ ಹೆಂಗಸಿನ ಮುಖ ಅರ್ಧ ಸುಕ್ಕಾಗಿ, ಅರ್ಧ ನುಣ್ಣಗಾಗಿ ರಸ್ತೆಗೆಲ್ಲ ಕಾಣುತ್ತದೆ. ಅವರು ಒಪ್ಪಿರಬಹುದು, ಬಿಡಿ. ಆದರೆ ನನ್ನ ಹೆಂಡತಿಯ ಸುಕ್ಕಿನ ಗುಟ್ಟನ್ನು ಯಾರಿಂದ ಕಾಪಾಡುತ್ತಿದ್ದೀರಿ ಸ್ವಾಮಿ? ಮೂವತ್ತೊಂದು ವರ್ಷ ಆ ಮುಖದ ಎದುರು ಕೂತು ಊಟ ಮಾಡಿದವನಿಂದಲೇ?

ಮೊನ್ನೆ ಹಳೆಯ ದಿನಚರಿಗಳನ್ನೆಲ್ಲ ತಿರುವಿದೆ. ಗೋಂದು ಒಣಗಲಿಲ್ಲ ಎಂದಿದೆ, ರಟ್ಟು ಸೊಟ್ಟಗಾಯಿತು ಎಂದಿದೆ. ಅವಳ ಮುಖದ ಬಗ್ಗೆ ಒಂದು ಸಾಲಿಲ್ಲ. ಎಡಗಣ್ಣಿನ ಪಕ್ಕ ಮೂರು ಗೆರೆಯಿತ್ತೋ ನಾಲ್ಕಿತ್ತೋ, ಈಗ ನನಗೆ ಹೇಳಲಾಗುತ್ತಿಲ್ಲ. ಎದುರಿಗೇ ಇತ್ತಲ್ಲ, ಬರೆಯುವುದೇಕೆ ಅಂದುಕೊಂಡಿದ್ದೆ.

ನನಗೆ ಕಡತ ಬೇಡ, ಮೊದಲೆರಡು ಫೋಟೋ ಬೇಡ. ಮೂರನೆಯದು ಕೊಡಿ. ಕೊಡಲು ನಿಯಮ ಒಪ್ಪದಿದ್ದರೆ, ಅಳಿಸುವ ಮುಂಚೆ ಆ ಕಂಪ್ಯೂಟರಿನ ಪರದೆಯನ್ನು ಹತ್ತು ನಿಮಿಷ ನನ್ನ ಕಡೆ ತಿರುಗಿಸಿ. ಪೆನ್ಸಿಲ್ಲು, ದಿನಚರಿ ತರುತ್ತೇನೆ. ಗೆರೆಗಳನ್ನು ಎಣಿಸಿ ಬರೆದುಕೊಂಡು ಹೋಗುತ್ತೇನೆ. ಈ ಸಲ ತಲೆ ಎತ್ತಿ ನೋಡುತ್ತೇನೆ.

ಇಂತಿ,
ಅವಳ ಹಾಜರಿ ಹಾಕಿಸಿ
ಒಬ್ಬನೇ ಕೂತಿದ್ದವನು