ಮೀಸಲು ಮದ್ದು ತೆರೆದ ದಿನ

ಗದಗ ಸೀಮೆ, ಮಕ್ಕಳ ವಾರ್ಡು
ಫೆಬ್ರವರಿ 30, 2171

ಹೆಸರು ಗೊತ್ತಿಲ್ಲದ ಡಾಕ್ಟರರಿಗೆ ಕಲ್ಲವ್ವ ಹೂಗಾರಳ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಬಿಟ್ಟಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಾನು ಈ ವಾರ್ಡಿನ ತಡೆಗಾರ್ತಿ. ಮದ್ದು ಕೊಡಿ ಎಂದು ಎಲ್ಲರೂ ಕೂಗುವಾಗ ‘ತಡೀರಿ’ ಎನ್ನುವುದೇ ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಹೀಗೇ ಎನ್ನುತ್ತಿದ್ದೇನೆ. ಊರಿನಲ್ಲಿ ನನ್ನನ್ನು ಮದುವೆ ಮುಂಜಿಗೆ ಕರೆಯುವವರು ಕಡಿಮೆ.

ನಿಮ್ಮ ಪರಿಚಯ ನನಗೆ ನೂರೈವತ್ತು ವರ್ಷ ಹಿಂದಿನ ಒಂದು ಕೇಸು ಹಾಳೆಯಿಂದ. ತರಬೇತಿಯ ಮೊದಲ ದಿನ ನಮಗೆಲ್ಲ ಅದರ ಪ್ರತಿ ಕೊಡುತ್ತಾರೆ. ಎರಡು ವರ್ಷದ ಗಂಡು ಮಗು, ನೆಗಡಿ, ಜ್ವರ. ಆಸ್ಪತ್ರೆಗೆ ಸೇರಿದ ದಿನವೇ ಎರಡು ಬಗೆಯ ಆಂಟಿಬಯೋಟಿಕ್ ಇಂಜೆಕ್ಷನ್, ಮೂರನೆಯ ದಿನ ಇನ್ನೊಂದು ಬಗೆ. ರಕ್ತ ಪರೀಕ್ಷೆಯ ಜಾಗ ಖಾಲಿ. ಅಂಚಿನಲ್ಲಿ ನಿಮ್ಮದೇ ಕೈಬರಹ: ‘ಯಾವುದಕ್ಕೂ ಇರಲಿ.’ ಡಾಕ್ಟರರೇ, ನೆಗಡಿಗೆ ಈ ಮದ್ದು ನಾಟುವುದಿಲ್ಲ ಎಂದು ನಿಮಗೆ ಗೊತ್ತಿತ್ತು. ಬಾಗಿಲಲ್ಲಿ ಆ ಮಗುವಿನ ತಂದೆ ಕೈ ಕಟ್ಟಿ ನಿಂತಿದ್ದನೇನೋ, ಏನಾದರೂ ಕೊಡಲೇಬೇಕು ಎನ್ನಿಸಿತೇನೋ. ಕಡ್ಲೆಪುರಿ ಹಂಚಿದಂತೆ ಹಂಚಿಬಿಟ್ಟಿರಿ. ಮಗು ನಾಲ್ಕು ದಿನಕ್ಕೆ ಗೆಲುವಾಗಿ ಮನೆಗೆ ಹೋಯಿತು, ನೀವು ಮರೆತಿರಿ. ಮಗುವಿನ ಮೈಯಲ್ಲಿದ್ದ ರೋಗಾಣುಗಳು ಮಾತ್ರ ಮರೆಯಲಿಲ್ಲ, ಆ ಮದ್ದುಗಳನ್ನು ತಾಳಿಕೊಳ್ಳಲು ಕಲಿತವು. ನಿಮ್ಮಂಥವರು ಸಾವಿರಾರು ಜನ, ಅಂಥ ಹಾಳೆಗಳು ಲಕ್ಷಾಂತರ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ಈಗ ನಮ್ಮ ಬಳಿ ನಂಬಬಹುದಾದ ಮದ್ದು ಒಂದೇ ಒಂದು ಉಳಿದಿದೆ. ಅದಕ್ಕೆ ಮೀಸಲು ಎನ್ನುತ್ತೇವೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತೇವೆ, ಕೀಲಿ ತಡೆಗಾರ್ತಿಯ ಬಳಿ ಇರುತ್ತದೆ. ಮಗುವಿನ ರಕ್ತದ ಹನಿಯನ್ನು ತಟ್ಟೆಯಲ್ಲಿ ಬಿತ್ತಿ, ಏನಾದರೂ ಬೆಳೆಯುತ್ತದೆಯೇ ಎಂದು ಒಂದೂವರೆ ದಿನ ಕಾಯುತ್ತೇವೆ. ಬೆಳೆದರೆ ಮಾತ್ರ ಮೀಸಲು ತೆರೆಯುತ್ತೇವೆ. ಉಸಿರು ಕೆಟ್ಟರೆ ಕಾಯುವಂತಿಲ್ಲ, ಆಗ ಡಾಕ್ಟರರ ಮಾತೇ ಕೊನೆ. ತೆರೆದ ಮೇಲೆ ನಲವತ್ತು ದಿನ ವಾರ್ಡಿಗೆ ಹೊಸ ಮಕ್ಕಳನ್ನು ಸೇರಿಸುವುದಿಲ್ಲ. ಆ ಮದ್ದನ್ನು ಕಂಡು ಬದುಕಿದ ರೋಗಾಣು ಇನ್ನೊಂದು ಮಗುವಿಗೆ ಹತ್ತಬಾರದು. ಇನ್ನೊಂದು ಕಟ್ಟಳೆಯೂ ಇದೆ. ಮದ್ದು ತಡೆದವಳು ತಟ್ಟೆ ತೆರೆಯುವವರೆಗೆ ಆ ಮಗುವಿನ ಮಂಚ ಬಿಟ್ಟು ಏಳುವಂತಿಲ್ಲ, ತಾಯಿ ಉಣ್ಣದೆ ತಾನು ಉಣ್ಣುವಂತಿಲ್ಲ. ಬಾಗಿಲಾಚೆ ನಿಂತು ತಡೆಯುವುದು ಸುಲಭ. ಅದಕ್ಕೇ ಈ ಕಟ್ಟಳೆ.

ಈಗ ಮಧ್ಯಾಹ್ನ ಎರಡು ಗಂಟೆ. ನನ್ನ ಮುಂದೆ ಮಲಗಿರುವವಳು ಸಾವಂತ್ರಿ, ನಾಲ್ಕು ವರ್ಷ, ನರಗುಂದದ ಕಡೆಯವಳು. ನಿನ್ನೆ ನಸುಕಿನಲ್ಲೇ ತಟ್ಟೆ ಇಟ್ಟಿದ್ದಾರೆ, ನಾಲ್ಕಕ್ಕೆ ತೆರೆಯುತ್ತಾರೆ. ಜ್ವರ ನೂರಾ ನಾಲ್ಕು. ಅವಳ ತಾಯಿ ಸುಶೀಲಾ ನಿನ್ನೆಯಿಂದ ಒಂದು ತುತ್ತೂ ತಿಂದಿಲ್ಲ, ಹಾಗಾಗಿ ನಾನೂ ತಿಂದಿಲ್ಲ. ಒದ್ದೆ ಬಟ್ಟೆಯಿಂದ ಮಗುವಿನ ಮೈ ಒರೆಸುತ್ತಾ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. “ನಿನ್ನ ಹೊಟ್ಟ್ಯಾಗ ಹುಟ್ಟಿದ ಕೂಸು ಆಗಿದ್ರ ಹಿಂಗ ಗೊಂಬಿಗತೆ ಕುಂದರ್ತಿದ್ದೇನ? ಕೀಲಿ ನಿನ್ನ ಸೊಂಟದಾಗೇ ಐತಲ್ಲ, ತಗೀಬಾರ್ದಾ!” ಕೀಲಿ ನನ್ನ ಸೊಂಟದಲ್ಲೇ ಇದೆ, ನಿಜ. ಕೈ ಎರಡು ಸಲ ಅಲ್ಲಿಗೆ ಹೋಗಿ ಬಂತು.

ಹಿಂದೊಮ್ಮೆ ಆ ಕೈ ನಿಲ್ಲಲಿಲ್ಲ. ಆರು ವರ್ಷದ ಹಿಂದೆ ಒಬ್ಬ ತಂದೆ ನನ್ನ ಕಾಲು ಹಿಡಿದುಕೊಂಡ. ತಟ್ಟೆಗೆ ಇನ್ನೂ ಹತ್ತು ತಾಸು ಬಾಕಿಯಿತ್ತು. ತಡೆಯಲಾರದೆ ಮೀಸಲು ತೆರೆದುಬಿಟ್ಟೆ. ಮರುದಿನ ನೋಡಿದರೆ ತಟ್ಟೆ ಖಾಲಿ, ಮಗುವಿಗೆ ಬಂದಿದ್ದು ತಾನಾಗಿಯೇ ಇಳಿಯುವ ಜ್ವರ. ನಿಯಮದಂತೆ ವಾರ್ಡು ಮುಚ್ಚಿತು. ಒಂಬತ್ತನೆಯ ದಿನ ಹನ್ನೊಂದು ದಿನದ ಹಸುಗೂಸೊಂದನ್ನು ತಂದರು. ಮೈಯೆಲ್ಲ ನಂಜಾಗಿತ್ತು. ಬೇರೆ ಆಸ್ಪತ್ರೆಗೆ ಒಯ್ಯಿರಿ ಎಂದು ಬಾಗಿಲಲ್ಲಿ ನಿಂತು ಹೇಳಿದವಳು ನಾನೇ. ದಾರಿಯಲ್ಲೇ ಹೋಯಿತು. ತೊಟ್ಟಿಲಿಗೆ ಹಾಕಿರಲಿಲ್ಲ, ಅದಕ್ಕಿನ್ನೂ ಹೆಸರೂ ಇರಲಿಲ್ಲ. ಡಾಕ್ಟರರೇ, ನಿಮ್ಮನ್ನು ಬೈಯುವ ಯೋಗ್ಯತೆ ನನಗೆಷ್ಟಿದೆ ಎಂದು ಈಗ ನಿಮಗೂ ತಿಳಿಯಿತು.

ಮೂರು ಗಂಟೆ. ಸಾವಂತ್ರಿ ನೀರು ಬೇಡವೆನ್ನುತ್ತಿದ್ದಾಳೆ. ನಮ್ಮ ವಾರ್ಡಿನ ಡಾಕ್ಟರರು ಬಂದು ಉಸಿರು ಎಣಿಸಿದರು. ಇನ್ನೂ ತಡೆಯಬಹುದು ಎಂದರು, ಆದರೆ ಹೊರಗೆ ಹೋಗದೆ ಅಲ್ಲೇ ನಿಂತರು. ಸುಶೀಲಾ ಬೈಯುವುದನ್ನು ನಿಲ್ಲಿಸಿದ್ದಾಳೆ. ಬೈಗುಳವೇ ವಾಸಿಯಿತ್ತು.

ನಾಲ್ಕೂಕಾಲು. ತಟ್ಟೆಯ ತುಂಬ ಬೆಳೆದಿತ್ತು. ಓಡಿಹೋಗಿ ಮೀಸಲು ತೆರೆದೆ, ಮೊದಲ ಇಂಜೆಕ್ಷನ್ ಆಯಿತು. ಒಂದೂವರೆ ದಿನ ನಾನು ತಡೆದದ್ದು ಈ ಮಗುವಿಗೆ ಮುಳುವಾದರೆ ಯಾರಿಗೆ ಏನು ಹೇಳಲಿ?

ಮೂರು ದಿನ ಬಿಟ್ಟು ಈ ಕಾಗದ ಮುಂದುವರಿಸುತ್ತಿದ್ದೇನೆ. ಜ್ವರ ಇಳಿದಿದೆ. ಸಾವಂತ್ರಿ ಇಂದು ಬೆಳಿಗ್ಗೆ ಅಕ್ಕಿ ಗಂಜಿ ಕುಡಿದು, ಉಪ್ಪಿಲ್ಲ ಎಂದು ಜಗಳ ತೆಗೆದಳು. ಸುಶೀಲಾ ಹೊಟ್ಟೆ ತುಂಬ ಉಂಡಳು, ನಾನೂ ಉಂಡೆ. ಸಂತೋಷಕ್ಕೆ ಅಳು ಬಂತು.

ಆದರೆ ನಿಮಗೆ ಹೇಳಬೇಕಾದದ್ದು ಬೇರೆ ಇದೆ. ತಟ್ಟೆಯ ನಡುವೆ ಮೀಸಲು ಹಚ್ಚಿದ ಒಂದು ಕಾಗದದ ಬಿಲ್ಲೆ ಇಡುತ್ತೇವೆ. ಮದ್ದಿಗೆ ಅಂಜಿ ರೋಗಾಣು ದೂರ ಉಳಿದಷ್ಟು ಜಾಗ ಬಿಲ್ಲೆಯ ಸುತ್ತ ಬಯಲಾಗಿರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಆ ಬಯಲು ಹೆಬ್ಬೆರಳಿನಷ್ಟು ಅಗಲವಿರುತ್ತಿತ್ತು. ಸಾವಂತ್ರಿಯ ತಟ್ಟೆಯಲ್ಲಿ ಕಿರುಬೆರಳಿನ ಉಗುರಿನಷ್ಟೂ ಇರಲಿಲ್ಲ. ಅವಳಿಗೆ ಹೇಗೋ ಸಾಲಿತು. ಡಾಕ್ಟರರು ಆ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ನಾಳೆ ನಿಮ್ಮ ವಾರ್ಡಿಗೆ ಜ್ವರದ ಮಗುವೊಂದು ಬರುತ್ತದೆ. ನಿಜಕ್ಕೂ ಬೇಕಾಗಿದ್ದರೆ ಮದ್ದು ಕೂಡಲೇ ಕೊಡಿ, ಕೈ ಹಿಂದೆಗೆಯಬೇಡಿ. ತಿಳಿಯದಿದ್ದರೆ ಪರೀಕ್ಷೆಗೆ ಕಳಿಸಿ. ಬೇಡವೆಂದು ತಿಳಿದಿದ್ದರೆ ಪೆನ್ನು ಜೇಬಿಗೆ ಹಾಕಿ, ಒಂದು ಸ್ಟೂಲು ಎಳೆದುಕೊಂಡು ಆ ತಾಯಿಯ ಪಕ್ಕ ಕುಳಿತುಕೊಳ್ಳಿ. ಬೈದರೆ ಬೈಸಿಕೊಳ್ಳಿ.

ಇಂದು ನಾನು ಮನೆಗೆ ಹೊರಡುವ ಮುನ್ನ ಸುಶೀಲಾ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನನ್ನ ಬಳಿ ಬಂದಳು. ತಟ್ಟೆ ನೋಡಿದ ಡಾಕ್ಟರರ ಮುಖವನ್ನು ಅವಳೂ ಕಂಡಿದ್ದಳು. “ಅಕ್ಕಾರ, ಇನ್ನ ಮುಂದ ಬರೂ ಕೂಸುಗಳಿಗೂ ಈ ಔಷಧ ಹತ್ತತೈತಲ್ರಿ?” ಎಂದು ಕೇಳಿದಳು.

ಹತ್ತತೈತಿ ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ತಾಯಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅದನ್ನು ನಿಜ ಮಾಡುವುದು ನನ್ನ ಕೈಯಲ್ಲಿಲ್ಲ ಡಾಕ್ಟರರೇ, ನಿಮ್ಮ ಕೈಯಲ್ಲಿದೆ.

ಕಲ್ಲವ್ವ